ದನದ ಡಾಕ್ಟರ ಹೆಸರಿಗೊಂದು ರಸ್ತೆ

"ಒಂದು ರಸ್ತೆ ಐತೆ, ಹೆಸರಿಲ್ಲ. ಒಂದು ಹೆಸರೈತೆ, ರಸ್ತೆ ಇಲ್ಲ. ಎರಡನ್ನೂ ಸೇರ್ಸಿ ನಾಲ್ಕು ಸಾಲು ಬರ್ಕೊಡು ಕಣ್ಲಾ."

ಹೋದ ವಾರ ಫೋನಿನಲ್ಲಿ ಹೀಗೆ ಮಾತು ಶುರು ಮಾಡಿದವನು ರುದ್ರೇಶ. ನನ್ನ ಹೈಸ್ಕೂಲ್ ಗೆಳೆಯ, ಈಗ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ಅವನ ದನಿಯಲ್ಲಿ ಹೆಣ್ಣು–ಗಂಡು ಕೂಡಿಸುವ ದಲ್ಲಾಳಿಯ ಉತ್ಸಾಹವಿತ್ತು.

ವಿಷಯ ಇಷ್ಟು. ಜಾವಗಲ್‌ನಿಂದ ಹಳೇಬೀಡಿನ ಕಡೆಗೆ ಹೋಗುವ ಹೆದ್ದಾರಿ ನಮ್ಮೂರಿನ ನಡುವೆಯೇ ಹಾದು ಹೋಗುತ್ತದೆ. ನಮ್ಮೂರಿನ ಪಾಲಿನ ಆ ರಸ್ತೆಗೆ ಡಾ. ಚನ್ನಬಸಪ್ಪನವರ ಹೆಸರಿಡಬೇಕೆಂದು ಒಂದು ಸಮಿತಿ ಹುಟ್ಟಿಕೊಂಡಿದೆ. (ಅಧ್ಯಕ್ಷ ರುದ್ರೇಶ. ಇನ್ಯಾರು?) ಚನ್ನಬಸಪ್ಪನವರು ದನದ ಡಾಕ್ಟರು, ಹೋದ ವರ್ಷ ತೀರಿಕೊಂಡರು. ಹಬ್ಬವಿರಲಿ, ಮದುವೆಯೂಟವಿರಲಿ, ಕರೆ ಬಂದರೆ ಕೈತೊಳೆದು ಸ್ಕೂಟರ್ ಹತ್ತುವ ಮನುಷ್ಯ. ರಿಟೈರ್ ಆದ ಮೇಲೂ ಬ್ಯಾಗ್ ಕೆಳಗಿಡಲಿಲ್ಲ. ಸುತ್ತಮುತ್ತ ಯಾರ ಮನೆಯ ಹಸು ಕರು ಹಾಕಿದರೂ ಗಿಣ್ಣು ಮೊದಲು ಹೋಗುತ್ತಿದ್ದುದು ಅವರ ಮನೆಗೆ. ಇಂಥವರ ಹೆಸರನ್ನು ರಸ್ತೆಗೆ ಇಡದೆ ಇನ್ಯಾರದ್ದು ಇಡುವುದು?

ನನಗೆ ಎರಡು ಕೆಲಸ. ಬೋರ್ಡಿಗೆ ನಾಲ್ಕು ಸಾಲು ಬರೆಯುವುದು. ಡಾಕ್ಟರ ಹೆಂಡತಿ ಗಿರಿಜಮ್ಮನವರ ಒಪ್ಪಿಗೆ ಪಡೆಯುವುದು.

"ನಾನ್ಯಾಕೋ?" ಎಂದೆ.

"ನೀನು ಪೇಪರ್‌ನಾಗೆ ಬರೆಯೋನು. ನಿನ್ನ ಮಾತು ಕೇಳ್ತಾರೆ ಕಣ್ಲಾ." (ಈ ಮಾತನ್ನು ನನ್ನ ಮನೆಯಲ್ಲಿ ಹೇಳಿ ನೋಡಿ.)

ನಾಲ್ಕು ಸಾಲು ಬರೆಯಲು ಕೂತವನಿಗೆ ಕುತೂಹಲದ ಹುಳ ಹೊಕ್ಕಿತು. ರಸ್ತೆಗೆ ಹೆಸರಿಟ್ಟರೆ ಏನಾಗುತ್ತದೆ? ನಾನೀಗಿರುವ ಪೇಟೆಯಲ್ಲಿ ನಮ್ಮ ಮನೆ ಮುಂದಿನ ರಸ್ತೆಗೂ ಒಬ್ಬರ ಹೆಸರಿದೆ. ಆಧಾರ್ ಕಾರ್ಡಿನಿಂದ ಗ್ಯಾಸ್ ಬುಕ್ಕಿನವರೆಗೆ ಎಲ್ಲೆಲ್ಲೂ ಅದನ್ನು ಬರೆದಿದ್ದೇನೆ. ಅವರು ಯಾರು? ಗೊತ್ತಿಲ್ಲ! ಎದುರು ಮನೆಯ ಮೇಷ್ಟ್ರನ್ನು ಕೇಳಿದೆ. "ಸ್ವಾತಂತ್ರ್ಯ ಹೋರಾಟಗಾರರು ಇರ್ಬೇಕು ಬಿಡಿ" ಎಂದರು. ಮೂಲೆ ಅಂಗಡಿಯವನು "ಹಳೇ ಚೇರ್ಮನ್ನು" ಎಂದ. ಹಾಲಿನವಳು ಮಾತ್ರ ನನ್ನನ್ನೇ ಕೇಳಿದಳು, "ಈ ರಸ್ತೆಗೆ ಹೆಸರೈತಾ ಸಾ?"

ನಮ್ಮ ಕಡೆ ಹೊಲದ ಬದುಗಳಲ್ಲಿ ವೀರಗಲ್ಲುಗಳಿವೆ. ಹಳೇಬೀಡಿಗೆ ಬಂದ ಟೂರಿಸ್ಟುಗಳು ಅತ್ತ ತಿರುಗಿಯೂ ನೋಡುವುದಿಲ್ಲ. ಊರಿನ ದನ ಹೊಡೆದುಕೊಂಡು ಹೋಗುವ ಕಳ್ಳರನ್ನು ಅಡ್ಡಗಟ್ಟಿ ಸತ್ತವನಿಗೆ ನಿಲ್ಲಿಸಿದ ಕಲ್ಲುಗಳೂ ಅವುಗಳಲ್ಲಿವೆ. ಅಕ್ಷರ ಓದಲು ಬಾರದವರಿಗೂ ಅವನೇನು ಮಾಡಿದನೆಂದು ತಿಳಿಯುತ್ತದೆ. ದನಗಳಿವೆ, ಅವನಿದ್ದಾನೆ, ಕೈಯಲ್ಲಿ ಬಿಲ್ಲಿದೆ. ನಮ್ಮ ಹಸಿರು ಬೋರ್ಡಿನಲ್ಲಿ ಏನಿರುತ್ತದೆ? ಒಂದು ಹೆಸರು, ಅದರ ಕೆಳಗೆ ಅದಕ್ಕಿಂತ ದಪ್ಪಕ್ಷರದಲ್ಲಿ ಉದ್ಘಾಟಕರ ಹೆಸರು.

ಇರಲಿ. ಭಾನುವಾರ ಸಂಜೆ ರುದ್ರೇಶನ ಕಾರಿನಲ್ಲಿ ಗಿರಿಜಮ್ಮನವರ ಮನೆಗೆ ಹೋದೆವು. ಮನೆ ಹೆದ್ದಾರಿಗೆ ಅಂಟಿಕೊಂಡೇ ಇದೆ. ಕಾಫಿ ಕೊಟ್ಟರು, ಚಕ್ಕುಲಿ ಕೊಟ್ಟರು. ನಾನು ಗಂಟಲು ಸರಿಮಾಡಿಕೊಂಡು ನನ್ನ ನಾಲ್ಕು ಸಾಲು ಓದಿದೆ. 'ಮೂಕಪ್ರಾಣಿಗಳ ಬಂಧು' ಎಂಬಲ್ಲಿ ಸ್ವಲ್ಪ ದನಿ ಏರಿಸಿದೆ ಕೂಡ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಗೆದ್ದೆವು ಅಂದುಕೊಂಡೆ.

"ಚೆನ್ನಾಗಿ ಬರ್ದಿದೀಯಪ್ಪ. ಯಾವ ರಸ್ತೆಗೆ ಇದು?"

"ಇದೇ ಅಮ್ಮಾ, ನಿಮ್ಮನೆ ಮುಂದ್ಲು ಹೈವೇಗೆ" ಎಂದ ರುದ್ರೇಶ.

"ಬೇಡ."

ರುದ್ರೇಶನ ಕೈಯಲ್ಲಿ ಚಕ್ಕುಲಿ ಹಾಗೇ ನಿಂತಿತು.

"ಈ ರಸ್ತೆ ಕಂಡ್ರೆ ಅವ್ರಿಗೆ ಆಗ್ತಿರ್ಲಿಲ್ಲ ಕಣಪ್ಪ" ಎಂದರು ಗಿರಿಜಮ್ಮ. "ಅಗಲ ಮಾಡಿದ್ಮೇಲೆ ಗಾಡಿಗಳು ಹೆಂಗೆ ಬರ್ತವೆ ನೀವೇ ನೋಡ್ತಿದೀರಲ್ಲ. ದನ ಮೇಯೋಕೆ ಆಚೆ ಕಡೆ ಹೋಗ್ಬೇಕು, ಸಂಜೆ ಈಚೆ ಬರ್ಬೇಕು. ಮೊದಲೆಲ್ಲ ಕಾಯ್ಲೆ ನೋಡೋಕೆ ಕರೀತಿದ್ರು. ಕೊನೆಕೊನೆಗೆ ಬರೀ ಗುದ್ದಿಸ್ಕೊಂಡ ದನ ನೋಡೋದೇ ಆಯ್ತು. ಒಂದಿನ ಗಬ್ಬದ ಹಸು, ಇಲ್ಲೇ, ಗೇಟಿನ ಮುಂದೇನೇ. ಎರಡನ್ನೂ ಉಳಿಸೋಕಾಗ್ಲಿಲ್ಲ. ಅವತ್ತು ಬಂದು ಊಟಕ್ಕೂ ಕೂರ್ಲಿಲ್ಲ, ಗೋಡೆಗೊರಗಿ ಕೂತ್ಬಿಟ್ರು."

ಅವರು ನನ್ನ ಕಡೆ ತಿರುಗಿದರು.

"ನೀನು ಪೇಪರ್‌ನವನಲ್ವಾ, ನೀನೇ ಹೇಳು. ನಾಳೆ ಸುದ್ದಿ ಹೆಂಗೆ ಬರ್ದಾರು? ಡಾಕ್ಟರ್ ಚನ್ನಬಸಪ್ಪ ರಸ್ತೆಯಲ್ಲಿ ಲಾರಿ ಡಿಕ್ಕಿ, ಎರಡು ಹಸು ಸಾವು. ಹಂಗೆ ತಾನೆ? ಅದನ್ನ ನಾನು ಬೆಳಗ್ಗೆ ಎದ್ದು ಓದ್ಬೇಕಾ?"

ಹಾಗೆಯೇ ಬರೆಯುತ್ತಾರೆ. ನಾನಾದರೂ ಹಾಗೆಯೇ ಬರೆಯುತ್ತೇನೆ. ಜೀವ ಉಳಿಸಿದವನ ಹೆಸರನ್ನು ಸಾವಿನ ಸುದ್ದಿಯ ವಿಳಾಸ ಮಾಡಲು ಹೊರಟಿದ್ದೆವಲ್ಲ ಎಂದು ನಾಚಿಕೆಯಾಯಿತು.

ರುದ್ರೇಶ ಸೋಲು ಒಪ್ಪುವ ಕುಳವಲ್ಲ. "ಅಮ್ಮಾ, ಬೋರ್ಡು ರೆಡಿ ಐತೆ. ಎಮ್ಮೆಲ್ಲೆ ಸಾಹೇಬ್ರು ಬತ್ತೀನಿ ಅಂದವ್ರೆ. ಊರೋರಿಗೆ ಏನ್ ಹೇಳ್ಲಿ ನಾನು? ನೀವೇ ಒಂದು ದಾರಿ ತೋರ್ಸಿ."

ಗಿರಿಜಮ್ಮ ಎದ್ದು ಹೊರಗೆ ನಡೆದರು. ನಾವೂ ಹಿಂದೆ ಹೋದೆವು. ಗೇಟಿನ ಮುಂದೆ ಹೆದ್ದಾರಿಯ ಆಚೆ ಬದಿಯಲ್ಲಿ ದನಗಳು ಗುಂಪಾಗಿ ನಿಂತಿದ್ದವು. ಕಾಯುವ ಹೆಂಗಸು ಕೋಲು ಅಡ್ಡ ಹಿಡಿದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೋಡುತ್ತಿದ್ದಳು. ತೆಂಗಿನಕಾಯಿ ಲೋಡಿನ ಲಾರಿ ಹೋಯಿತು. ಬೇಲೂರು ಕಡೆಯ ಟೂರಿಸ್ಟ್ ವ್ಯಾನ್ ಹಾರ್ನ್ ಬಾರಿಸುತ್ತಾ ಹೋಯಿತು. ಮುಂದಿನ ಕರುವೊಂದು ಎರಡು ಹೆಜ್ಜೆ ಮುಂದಿಟ್ಟು ಹಿಂದಕ್ಕೆ ಸರಿಯಿತು.

"ಇಲ್ಲೊಂದು ಹಂಪ್ ಹಾಕ್ಸಿ" ಎಂದರು ಗಿರಿಜಮ್ಮ. "ಬೇಕಾದ್ರೆ ಅದಕ್ಕಿಡಿ ಅವರ ಹೆಸರು."

"ಹೈವೇನಾಗೆ ಹಂಪ್ ಹಾಕ್ಸೋದು ಸುಮ್ನೆ ಅಲ್ಲ ಅಮ್ಮಾ. ಪರ್ಮಿಷನ್ ಬೇಕು, ಓಡಾಡ್ಬೇಕು."

"ಹೆಸರಿಡೋಕೆ ಓಡಾಡ್ಲಿಲ್ವಾ? ಹಂಗೇ ಇದಕ್ಕೂ ಓಡಾಡಿ."

ನಾನು ರುದ್ರೇಶನ ಮುಖ ನೋಡಿದೆ. ನಮ್ಮಲ್ಲಿ ಹೆಸರಿಗೆ ಸಮಿತಿಗಳಿವೆ, ಶಾಮಿಯಾನ ಇದೆ, ಹಾರ ಇದೆ. ಹಂಪ್‌ಗೊಂದು ಸಮಿತಿ ಆದದ್ದನ್ನು ನೀವೆಲ್ಲಾದರೂ ಕಂಡಿದ್ದೀರಾ?

ಅವನು ತಲೆ ಕೆರೆದುಕೊಂಡ. ಕೊನೆಗೆ ನಿಜವಾದ ಸಂಕಟ ಹೊರಬಂತು.

"ಅಲ್ಲ ಅಮ್ಮಾ, ಹಂಪ್‌ಗೆ ಯಾರಾದ್ರೂ ದೊಡ್ಡೋರ ಹೆಸರಿಡ್ತಾರಾ? ಹೋಗೋ ಬರೋ ಡ್ರೈವರೆಲ್ಲ ಡಾಕ್ಟ್ರನ್ನ ಬೈಕೊಂಡು ಹೋಗ್ತಾರೆ!"

"ಬೈಲಿ ಬಿಡಪ್ಪ," ಎಂದರು ಗಿರಿಜಮ್ಮ. "ಬ್ರೇಕ್ ಹಾಕ್ಕೊಂಡು ತಾನೆ ಬೈಯೋದು?"