ಪಾಟೀಸವಾಲಿನ ಅರ್ಥ

ಸಾಕ್ಷಿಯ ಹೇಳಿಕೆಯನ್ನು ಒರೆಗೆ ಹಚ್ಚುವ ಪ್ರಶ್ನೆಗಳೇ ಪಾಟೀಸವಾಲು ಎಂದು ಎಂ.ಎ. ಓದುವಾಗ ಬರೆದುಕೊಂಡಿದ್ದೆ. ಆ ಶಬ್ದದ ಅರ್ಥ ನನಗೆ ತಿಳಿದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ನೆರೆಮನೆಯ ವಿಧವೆಯೊಬ್ಬರ ಜೊತೆ ದುಭಾಷಿಯಾಗಿ ಹೋದ ದಿನ.

ನರಿಕೊಂಬಿನ ಹೊಳೆಬದಿಯ ಗದ್ದೆಯನ್ನು ಅವರು ಬಹುಕಾಲದಿಂದ ಗೇಣಿಗೆ ಮಾಡುತ್ತಿದ್ದರು. ಉಳುವವರಿಗೇ ಭೂಮಿ ಎಂಬ ಕಾನೂನು ಬಂದಿತ್ತು. ಗೇಣಿ ಒಕ್ಕಲೆಂದು ರುಜುವಾತಾದರೆ ಗದ್ದೆ ಅವರದು. ಕೂಲಿಯವರೆಂದಾದರೆ ಏನೂ ಇಲ್ಲ. ರಶೀದಿ ಇರಲಿಲ್ಲ, ಮಾತೊಂದೇ ಆಧಾರ. ಅವರಿಗೆ ಬರುವುದು ತುಳು ಮಾತ್ರ. ವಿಚಾರಣೆ ನಡೆಸಲು ಘಟ್ಟದ ಮೇಲಿನಿಂದ ಬಂದ ಅಧಿಕಾರಿಗೆ ತುಳು ಬಾರದು.

ಭೂನ್ಯಾಯ ಮಂಡಳಿಯ ಕಚೇರಿಯ ಹೊರಗೆ ಕಾಯುತ್ತಿದ್ದವನೊಬ್ಬ ನಕ್ಕ: “ಇವತ್ತು ಪಾಟೀಸವಾಲು ಜೋರುಂಟು ಮಾರಾಯ. ಒಳಗೆ ಹೋದವರು ಅಪ್ಪನ ಹೆಸರೂ ಮರೆತು ಬರ್ತಾರೆ!”

ಒಳಗೆ ಗದ್ದೆಯ ಒಡೆಯರಾದ ಧನಿಗಳು ಬೆಂಚಿನ ಮೇಲೆ ಕೂತಿದ್ದರು. ಅವರನ್ನು ಕಂಡದ್ದೇ ಈಕೆ ಸೆರಗು ಹೊದ್ದರು.

“ಬೇಸಾಯ ಯಾರದು?” ಅಧಿಕಾರಿಯ ಪ್ರಶ್ನೆಯನ್ನು ತುಳುವಿನಲ್ಲಿ ಕೇಳಿದೆ.

“ನನ್ನದು.”

“ಎತ್ತು?”

“ನನ್ನದೇ.”

ಅಧಿಕಾರಿ ಮೇಜು ಗುದ್ದಿದರು. “ಸುಳ್ಳು! ಇವರ ಮುಖ ನೋಡಿ ಹೇಳು. ಇವರಿಗೆ ನೀನು ಏನಾಗ್ಬೇಕು?”

ಆಕೆ ಧನಿಗಳತ್ತ ತಿರುಗಿದರು. ಪ್ರತಿವರ್ಷ ಗೇಣಿಯ ಅಕ್ಕಿಮುಡಿ ಇಳಿಸಿ, ಜಗಲಿಯ ಕೆಳಗೆ ನಿಂತು ಹೇಳುತ್ತಿದ್ದ ಮಾತೇ ಬಾಯಿಗೆ ಬಂತು: “ಎಂಕುಲು ಧನಿಕುಲೆನ ಬೇಲೆದಕುಲು.”

ನಾವು ಧನಿಗಳ ಕೆಲಸದವರು. ಒಕ್ಕಲಾದವರು ಧನಿಗಳೆದುರು ಬೇರೆ ಏನನ್ನೂ ಹೇಳುತ್ತಿರಲಿಲ್ಲ. ಅದು ಮರ್ಯಾದೆ, ಸಾಕ್ಷ್ಯವಲ್ಲ. ನನಗದು ಗೊತ್ತಿತ್ತು.

“ಏನಂದ್ಳು? ಇದ್ದದ್ದು ಇದ್ದ ಹಾಗೆ ಹೇಳ್ರೀ!”

“ಧನಿಗಳ ಕೆಲಸದವರು ಅಂತ ಹೇಳ್ತಾರೆ,” ಎಂದೆ. ಗುಮಾಸ್ತ ಬರೆದುಕೊಂಡ.

‘ಇದು ಮರ್ಯಾದೆಯ ಮಾತು ಸಾರ್’ ಎಂದು ನಾನು ಸೇರಿಸಿದ್ದೆನೆಂದು ಬಹಳ ವರ್ಷ ನಂಬಿದ್ದೆ. ಈಗ ಆ ನಂಬಿಕೆಯನ್ನು ನಂಬಲಾರೆ. ಬಾಯಿ ತೆರೆದದ್ದು ನಿಜವಿರಬಹುದು. ಆದರೆ ನನ್ನ ಧ್ವನಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಮೇಜಿನ ಮೇಲೆ ಎರಡನೆಯ ಸಲ ಬಿದ್ದ ಕೈಯ ಸದ್ದು ಮಾತ್ರ ಸಿಗುತ್ತದೆ. ಪ್ರಶ್ನೆ ಆಕೆಗೆ, ಹೆದರಿದ್ದು ನಾನು.

ಗುಮಾಸ್ತ ಕನ್ನಡದಲ್ಲಿ ಗಡಗಡ ಓದಿದ. ಆಕೆ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದರು.

ಮೆಟ್ಟಿಲಿಳಿಯುವಾಗ ತುಳುವಿನಲ್ಲಿ ಕೇಳಿದರು: “ಎಲ್ಲ ಸರಿಯಾಗಿ ಹೇಳಿದ್ದಿ ಅಲ್ವಾ ಮಗಾ?”

“ಹೌದು,” ಎಂದೆ.

ನಂಬಿದರು. ಅರ್ಜಿ ವಜಾ ಆದ ಕಾಗದ ಬಂದಾಗ, ಅದನ್ನು ಓದಿಸಿಕೊಳ್ಳಲು ನೇರ ನನ್ನ ಬಳಿಗೇ ತಂದರು.