ಮಂಜಿನಲ್ಲಿ ಮೂರು ವಿಸಿಲ್

"ಇಳಿಯುದು ಬೇಡ ಮಾರಾಯ್ತಿ, ಇಲ್ಲೇ ನಿಲ್ಲುವ!" ಎಂದು ಗೆಳತಿ ಜೊಹರಾ ನನ್ನ ಕೈ ಬಿಗಿಯಾಗಿ ಹಿಡಿದಳು. ಕಲ್ಲುಗುಂಡಿಯ ಗುಡ್ಡ ಹತ್ತಿ ಮರಳುತ್ತಿದ್ದ ನಮಗೆ ಮಂಜು ಕವಿದು ಕಾಲುದಾರಿಯೇ ಕಾಣದಾಗಿತ್ತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಅವಳು ಚೀಲದಿಂದ ವಿಸಿಲ್ ತೆಗೆದು, ಸಹಾಯ ಬೇಕೆಂಬ ಸಂಕೇತವಾಗಿ ಮೂರು ಸಲ ಊದಿದಳು. ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ.

ಕೊನೆಗೆ ಕೆಳಗಿನಿಂದ ಹೆಂಗಸೊಬ್ಬರ ದನಿ ಕೇಳಿತು: "ಯಾರದು? ಅಲ್ಲೇ ನಿಲ್ಲಿ, ಎದುರು ದೊಡ್ಡ ಗುಂಡಿ ಉಂಟು!"

ನಾವು ಕುಣಿದಾಡುವುದೊಂದು ಬಾಕಿ! ಬಳಸುದಾರಿಯಲ್ಲಿ ಹತ್ತಿ ಬಂದ ರಬ್ಬರ್ ತೋಟದ ಆ ಅಕ್ಕ ಏದುಸಿರು ಬಿಡುತ್ತಲೇ ನಕ್ಕರು: "ನಮ್ಮ ಕುಕ್ಕರ್ ಕೂಗಿದ್ದು ಅಂತ ಗ್ರಹಿಸಿದೆ. ಹೋಗಿ ನೋಡಿದ್ರೆ ಒಲೆಯಲ್ಲಿ ಕುಕ್ಕರೇ ಇಲ್ಲ!"

ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ದಾರಿ ತಪ್ಪಿದಾಗ ನಿಂತಲ್ಲೇ ನಿಲ್ಲಲು ಎಷ್ಟು ಧೈರ್ಯ ಬೇಕೆಂದು ನನಗೆ ಅಂದೇ ತಿಳಿದದ್ದು.