ಮೇಸ್ತ್ರಿಯ ಜೇಬಿನಲ್ಲಿದ್ದ ಫ್ಯೂಸು

ಸಂಜೆ ಐದೂಕಾಲಿಗೆ ಹೊಸಕೋಟೆ ಹತ್ತಿರದ ನಮ್ಮ ರೇಡಿಯೋ ಸ್ಟೇಷನ್ನಿನ ಟ್ರಾನ್ಸ್‌ಮಿಟರ್ ನಿಂತುಹೋಯಿತು. ಆರಕ್ಕೆ ಯುದ್ಧದ ವಾರ್ತೆ ಹೋಗಬೇಕಿತ್ತು. ಹೇಳಿಕಳಿಸಿದ ಕೂಡಲೇ ರಿಪೇರಿ ಮೇಸ್ತ್ರಿ ಸೈಕಲ್ಲಿನಲ್ಲಿ ಬಂದರು. ಕೆಲಸಕ್ಕೆ ಕೈಹಾಕುವ ಮೊದಲು ಅವರು ಯಾವಾಗಲೂ ಕರೆಂಟ್ ಹರಿಯದಂತೆ ವರಾಂಡದ ಗೋಡೆಯ ಫ್ಯೂಸನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, ಜೇಬನ್ನು ಮೆಲ್ಲಗೆ ತಟ್ಟಿಕೊಳ್ಳುತ್ತಿದ್ದರು.

“ಇದು ನನ್ನತ್ರ ಇದ್ರೆ ಜೀವಾನೂ ನನ್ನತ್ರ ಇರ್ತದೆ ಸ್ವಾಮಿ,” ಎಂದು ಅಂದೂ, ಟಾರ್ಚ್ ಹಿಡಿದು ಜೊತೆಗೆ ಒಳಗೆ ಹೊರಟ ನನಗೆ ಹೇಳಿದರು.

“ಇನ್ನೂ ಎಷ್ಟೊತ್ತಯ್ಯಾ?” ವರಾಂಡದಿಂದ ನಮ್ಮ ಸಾಹೇಬರು ಕೇಳಿದರು.

“ಹೆಣ್ಣು ನೋಡಕ್ಕೆ ಬಂದಿದೀನಾ ಬುದ್ಧಿ, ಉಪ್ಪಿಟ್ಟು ತಿಂದು ಎದ್ದೋಗಕ್ಕೆ? ವಸಿ ಇರಿ,” ಎಂದರು ಮೇಸ್ತ್ರಿ ಒಳಗಿನಿಂದಲೇ.

ಸ್ವಲ್ಪ ಹೊತ್ತಿಗೆ ಒಳಗೆ ತಟ್ಟುವ ಸದ್ದು ನಿಂತಿತು. ಕೆಲಸ ಮುಗಿಯಿತೆಂದುಕೊಂಡ ಸಾಹೇಬರು, ಗೋಡೆಯಲ್ಲಿ ಫ್ಯೂಸ್ ಇಲ್ಲದ್ದನ್ನು ಕಂಡು, ಬಿಡಿ ಫ್ಯೂಸುಗಳ ಪೆಟ್ಟಿಗೆಯಿಂದ ಬೇರೊಂದನ್ನು ತೆಗೆದು ಸಿಕ್ಕಿಸಿಬಿಟ್ಟರು. ಮೇಸ್ತ್ರಿಯ ಕೈ ಇನ್ನೂ ತಂತಿಗಳ ನಡುವೆಯೇ ಇತ್ತು. ನಾನು ಮರದ ಸ್ಟೂಲಿನಿಂದ ಅವರನ್ನು ಆಚೆಗೆ ತಳ್ಳಿದೆ. ನೆಲಕ್ಕೆ ಬಿದ್ದವರು ಸುಡದ ಕೈಯಿಂದ ಜೇಬು ಮುಟ್ಟಿ ನೋಡಿಕೊಂಡರು.

“ಇಲ್ಲೇ ಐತಲ್ಲ ಸ್ವಾಮಿ,” ಎಂದರು. ಆಸ್ಪತ್ರೆಗೆ ಸಾಗಿಸುವಾಗ ಗಾಡಿಯಲ್ಲೇ ತೀರಿಕೊಂಡರು.

ಆಮೇಲೆ ಕಣ್ಣು ಮುಚ್ಚಿದರೆ ಸಾಕು, ಜೇಬಿನ ಮೇಲೆ ತಡಕಾಡುವ ಆ ಕೈ ಕಾಣುತ್ತಿತ್ತು; ನಿದ್ದೆ ಹತ್ತುತ್ತಿರಲಿಲ್ಲ. ಕೆಲಸ ಬಿಟ್ಟು ನಂದಗುಡಿಗೆ, ಇನ್ನೂ ಕರೆಂಟ್ ಬಾರದ ನಮ್ಮ ಮನೆಗೆ ಹೋದ ದಿನ, ಅಮ್ಮ ಸೀಮೆಎಣ್ಣೆ ಬುಡ್ಡಿಯನ್ನು ಊದಿ ಆರಿಸಿದರು. ಬೆಳಗಿನವರೆಗೂ ನನಗೆ ಎಚ್ಚರವಾಗಲಿಲ್ಲ.